ಕಡೆಯ ಆಳಿನ ಕೂಲಿ



1915ನೆಯ ಇಸವಿಯಲ್ಲಿ ಚಿನ್ನದ ನೆಲೆಯನ್ನು ಶೋಧಿಸುತ್ತ ಮಸ್ಕಿಯ ಸುತ್ತಣ ಗುಡ್ಡಗಳಲ್ಲಿ ಸಂಚರಿಸುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರರಿಗೆ ಬಂಡೆಯೊಂದರ ಮೇಲೆ ಪ್ರಾಚೀನ ಲಿಪಿ ಗೋಚರಿಸಿತೆಂಬುದೂ, ಅದನ್ನು ಓದಿ ಪ್ರಕಟಿಸಿದ ಎಚ್. ಕೃಷ್ಣಶಾಸ್ತ್ರಿಗಳ ಪರಿಶ್ರಮದಿಂದ ‘ದೇವಾನಾಂಪ್ರಿಯ’ನೆಂಬ ಬಿರುದಿನ ಅರಸನು ಅಶೋಕನೇ ಎಂಬುದು ಸ್ಥಿರಪಟ್ಟಿತೆಂಬುದೂ ಈ ಸೀಮೆಯ ಶಾಲಾಬಾಲಕರಿಗೂ ತಿಳಿದ ಸಂಗತಿ. ಆದರೆ ಆ ಶಾಸನದಲ್ಲಿ ಅರಸನ ಹೆಸರಿನ ಆಚೆಗೆ ಏನಿದೆ ಎಂದು ಕೇಳಿದರೆ ಉತ್ತರಿಸಬಲ್ಲವರು ವಿರಳ. ಧರ್ಮದಲ್ಲಿ ನಿರತನಾದ ಅಲ್ಪನಿಗೂ ಪರಮ ಶ್ರೇಯಸ್ಸು ಸಾಧ್ಯವೆಂದೂ, ಅದು ಉನ್ನತರಿಗೆ ಮೀಸಲಾದ ಸೊತ್ತೆಂದು ಯಾರೂ ಭಾವಿಸಕೂಡದೆಂದೂ, ಈ ಮಾತನ್ನು ಸಣ್ಣವರಿಗೂ ದೊಡ್ಡವರಿಗೂ ಸಮನಾಗಿ ತಿಳಿಸಬೇಕೆಂದೂ ಅದರ ಆಶಯ.

ಸಾಮ್ರಾಟನೊಬ್ಬನು ತನ್ನ ಪ್ರತಾಪವನ್ನು ಬದಿಗಿಟ್ಟು ಸಣ್ಣವನ ಯೋಗ್ಯತೆಯನ್ನು ಕಲ್ಲಿನಲ್ಲಿ ಕೆತ್ತಿಸಿದ್ದು ಲೋಕದ ಚರಿತ್ರೆಯಲ್ಲಿ ಅಪೂರ್ವವಾದ ಘಟನೆ. ಆ ಬಂಡೆ ನಮ್ಮ ರಾಯಚೂರು ಜಿಲ್ಲೆಯಲ್ಲಿದೆ ಎಂಬುದಕ್ಕಾಗಿ ನಾವು ಕೃತಜ್ಞರಾಗಿರಬೇಕು. ಆದರೂ ಅದು ಸಿಂಹಾಸನದಿಂದ ಕೆಳಗಿಳಿದು ಬಂದ ಮಾತು. ಅದಾಗಿ ಸುಮಾರು ಮುನ್ನೂರು ವರ್ಷಗಳ ಅನಂತರ, ರೋಮ್ ಸಾಮ್ರಾಜ್ಯದ ತೆರಿಗೆಯ ಭಾರದಲ್ಲಿ ಕುಗ್ಗಿದ್ದ ಗಲಿಲಾಯ ಸೀಮೆಯಲ್ಲಿ, ಬಡಗಿಯ ಮನೆಯಲ್ಲಿ ಬೆಳೆದ ಯೇಸು ಅದೇ ಸಂಗತಿಯನ್ನು ಕೆಳಗಿನ ನೆಲದಲ್ಲಿ ನಿಂತು ಹೇಳಿದನು. ಆತನಿಗೆ ಬಂಡೆಯೂ ಇರಲಿಲ್ಲ, ಕೆತ್ತುವ ಲಿಪಿಕಾರನೂ ಇರಲಿಲ್ಲ. ಆತನು ಬರೆದನೆಂದು ಸುವಾರ್ತೆಗಳು ಹೇಳುವುದು ಒಂದೇ ಒಂದು ಸಂದರ್ಭದಲ್ಲಿ: ಹೆಂಗಸೊಬ್ಬಳನ್ನು ಕಲ್ಲೆಸೆದು ಕೊಲ್ಲಬೇಕೆಂದು ಗಂಡಸರು ಎಳೆತಂದು ನಿಲ್ಲಿಸಿದಾಗ, ಆತನು ಬಗ್ಗಿ ಬೆರಳಿನಿಂದ ನೆಲದ ಮೇಲೆ ಏನನ್ನೋ ಬರೆದನು. ಏನು ಬರೆದನೆಂಬುದನ್ನು ಯಾರೂ ದಾಖಲಿಸಲಿಲ್ಲ. ಕಲ್ಲು ಹಿಡಿದ ಕೈಗಳು ಒಂದೊಂದಾಗಿ ಹಿಂದೆ ಸರಿದುವೆಂಬುದೂ ಆ ಹೆಂಗಸು ಜೀವಸಹಿತ ಉಳಿದಳೆಂಬುದೂ ದಾಖಲಾದುವು.

ಅಧಿಕಾರವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸು ದೆಹಲಿಯ ಕಡೆಗೋ ವಿಧಾನಸೌಧದ ಕಡೆಗೋ ಧಾವಿಸುವುದು ಸಹಜ. ಆದರೆ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಬಾಳುವೆ ನಡೆಸುವವರಿಗೆ ಅಧಿಕಾರದ ಮುಖ ದಿನವೂ ಎದುರಾಗುವುದು ಬೇರೆ ಎಡೆಗಳಲ್ಲಿ: ಕಾಲುವೆಯ ತೂಬನ್ನು ಎತ್ತುವ ಕೈಯಲ್ಲಿ, ಸಂಜೆ ಕೂಲಿ ಎಣಿಸಿಕೊಡುವ ಮೇಸ್ತ್ರಿಯ ನಾಲಗೆಯಲ್ಲಿ, ವಾರದ ಕಂತಿಗಾಗಿ ಹೊಸ್ತಿಲಲ್ಲಿ ಬಂದು ಕುಳಿತವನ ಮೌನದಲ್ಲಿ, ಹೋಟೆಲಿನಲ್ಲಿ ಯಾವ ಲೋಟ ಯಾರಿಗೆಂಬ ಅಲಿಖಿತ ಕಟ್ಟಳೆಯಲ್ಲಿ, ಎಲ್ಲರೂ ಉಂಡಾದ ಮೇಲೆ ಉಳಿದುದನ್ನು ಬಡಿಸಿಕೊಳ್ಳುವ ಹೆಣ್ಣುಮಗಳ ತಾಟಿನಲ್ಲಿ. ಯೇಸುವಿನ ಉಪದೇಶವೆಲ್ಲ ಪರಲೋಕಕ್ಕೆ ಸಂಬಂಧಪಟ್ಟದ್ದೆಂದು ತಿಳಿದವರು ಈ ಎಡೆಗಳನ್ನು ಕ್ಷುದ್ರವೆಂದು ದಾಟಿಹೋಗುತ್ತಾರೆ. ಆತನು ದಾಟಿಹೋಗಲಿಲ್ಲ. ಆತನ ದೃಷ್ಟಾಂತಕಥೆಗಳಲ್ಲಿ ನಮಗೆ ಎದುರಾಗುವವರು ಕೂಲಿಯಾಳುಗಳು, ಸಾಲಗಾರರು, ಗುತ್ತಿಗೆಯ ಒಕ್ಕಲುಗಳು, ಹಿಟ್ಟು ನಾದುವ ಹೆಂಗಸರು, ನ್ಯಾಯಾಧಿಪತಿಯ ಬಾಗಿಲು ಸವೆಸುವ ವಿಧವೆ.

ಆತನ ಶಿಷ್ಯರಲ್ಲಿಯೇ ಯಾಕೋಬ, ಯೋಹಾನರೆಂಬ ಅಣ್ಣತಮ್ಮಂದಿರು, ನಿನ್ನ ವೈಭವದ ಕಾಲದಲ್ಲಿ ನಮ್ಮನ್ನು ನಿನ್ನ ಎಡಬಲಗಳಲ್ಲಿ ಕೂಡಿಸಿಕೊಳ್ಳಬೇಕೆಂದು ಬೇಡಿದರು. ಉಳಿದ ಹತ್ತು ಮಂದಿಗೆ ಸಿಟ್ಟು ಬಂದಿತಂತೆ. ಬೇಡಿಕೆ ತಪ್ಪೆಂಬ ಕಾರಣಕ್ಕಿಂತಲೂ ತಮಗಿಂತ ಮೊದಲು ಇವರು ಬೇಡಿದರೆಂಬ ಕಾರಣದಿಂದ ಬಂದ ಸಿಟ್ಟು ಅದೆಂದು ನನಗೆ ತೋರುತ್ತದೆ. ಯೇಸು ಹನ್ನೆರಡು ಮಂದಿಯನ್ನೂ ಹತ್ತಿರ ಕರೆದು, ಲೋಕದ ದೊರೆಗಳು ಜನರ ಮೇಲೆ ದೊರೆತನ ನಡೆಸುವ ರೀತಿ ನಿಮ್ಮ ನಡುವೆ ಇರಕೂಡದೆಂದೂ, ಮೊದಲಿಗನಾಗಬಯಸುವವನು ಎಲ್ಲರ ಆಳಾಗಬೇಕೆಂದೂ ಬೋಧಿಸಿದನು. ಮುಂದೆ ತನ್ನ ಕಡೆಯ ರಾತ್ರಿ ಸೊಂಟಕ್ಕೆ ವಸ್ತ್ರವನ್ನು ಸುತ್ತಿಕೊಂಡು, ಬೋಗುಣಿಯಲ್ಲಿ ನೀರು ತುಂಬಿ, ಅವರ ಧೂಳುಗಾಲುಗಳನ್ನು ತೊಳೆದನು. ಆ ಕಾಲದ ಮನೆಗಳಲ್ಲಿ ಅದು ದಾಸರ ಪಾಲಿನ ಕೆಲಸ. ಮರುದಿನ ಬೆಳಗ್ಗೆ ರೋಮಿನ ಅಧಿಪತಿ ಪಿಲಾತನು, ನಿರಪರಾಧಿಯೆಂದು ತಾನೇ ಬಲ್ಲವನನ್ನು ಮರಣಕ್ಕೊಪ್ಪಿಸಿ, ಜನರೆದುರಿಗೆ ನೀರು ತರಿಸಿ ಕೈ ತೊಳೆದುಕೊಂಡನು. ಒಂದೇ ಊರಿನಲ್ಲಿ, ಒಂದು ರಾತ್ರಿಯ ಅಂತರದಲ್ಲಿ, ಅಧಿಕಾರವು ನೀರನ್ನು ಬಳಸಿದ ಈ ಎರಡು ಬಗೆಗಳನ್ನು ಎಷ್ಟು ಸಲ ನೆನೆದರೂ ಸಾಲದು. ಕಚೇರಿಯಲ್ಲಿ ಬಡವನ ಅರ್ಜಿಯನ್ನು ಮುಂದಿನ ಮೇಜಿಗೆ ತಳ್ಳಿ ಇದು ನನ್ನ ವ್ಯಾಪ್ತಿಗೆ ಬಾರದೆನ್ನುವಾಗ, ಊರ ಪಂಚಾಯಿತಿಯಲ್ಲಿ ಬಲಿಷ್ಠನ ತಪ್ಪನ್ನು ಕಂಡೂ ಕಾಣದಂತೆ ಕುಳಿತಿರುವಾಗ, ನಾವು ಯಾರ ಬೋಗುಣಿಯ ಬಳಿ ನಿಂತಿದ್ದೇವೆಂಬುದನ್ನು ಬೇರೆಯವರು ಹೇಳಬೇಕಾಗಿಲ್ಲ.

ಆತನ ಕಥೆಗಳಲ್ಲೆಲ್ಲ ನಮ್ಮ ಸೀಮೆಗೆ ಅತ್ಯಂತ ಸಮೀಪವಾದುದು ದ್ರಾಕ್ಷಿತೋಟದ ಆಳುಗಳ ಕಥೆ. ತೋಟದ ಯಜಮಾನನು ನಸುಕಿನಲ್ಲಿ ಪೇಟೆಬೀದಿಗೆ ಹೋಗಿ, ಅಂದಿನ ದಿನಗೂಲಿಯಾದ ಒಂದು ಬೆಳ್ಳಿ ನಾಣ್ಯಕ್ಕೆ ಮಾತಾಡಿ ಆಳುಗಳನ್ನು ಕರೆತರುತ್ತಾನೆ. ಹೊತ್ತೇರಿದ ಮೇಲೊಮ್ಮೆ, ನಡುಹಗಲಿಗೊಮ್ಮೆ, ಮೂರು ಗಂಟೆಗೊಮ್ಮೆ ಮತ್ತೆ ಹೋಗಿ ಇನ್ನಷ್ಟು ಜನರನ್ನು ಕರೆದು ತರುತ್ತಾನೆ. ಹೊತ್ತು ಮುಳುಗಲು ಇನ್ನೊಂದು ಗಂಟೆ ಉಳಿದಿದೆ ಎನ್ನುವಾಗ ಹೋಗಿ ನೋಡಿದರೆ ಕೆಲವರು ಇನ್ನೂ ಅಲ್ಲಿಯೇ ನಿಂತಿದ್ದಾರೆ. ದಿನವೆಲ್ಲ ಸುಮ್ಮನೆ ಏಕೆ ನಿಂತಿರೆಂದು ಕೇಳಿದರೆ, ತಮ್ಮನ್ನು ಯಾರೂ ಕರೆಯಲಿಲ್ಲವೆನ್ನುತ್ತಾರೆ. ಅವರನ್ನೂ ತೋಟಕ್ಕೆ ಕಳಿಸಿ, ಸಂಜೆ ಪಾರುಪತ್ಯಗಾರನನ್ನು ಕರೆದು, ಕಡೆಗೆ ಬಂದವರಿಂದ ಮೊದಲುಗೊಂಡು ಕೂಲಿ ಹಂಚಲು ಹೇಳುತ್ತಾನೆ. ಎಲ್ಲರ ಅಂಗೈಗೂ ಅದೇ ಒಂದು ನಾಣ್ಯ.

ಈ ಕಥೆಯನ್ನು ದೇವರ ಕೃಪೆಯ ಅಪಾರತೆಯನ್ನು ಸಾರುವ ರೂಪಕವೆಂದು ಪ್ರಸಂಗಪೀಠಗಳಿಂದ ವ್ಯಾಖ್ಯಾನಿಸುವ ರೂಢಿಯಿದೆ. ಆ ವ್ಯಾಖ್ಯಾನ ಸಾಧುವೇ ಸರಿ. ಆದರೆ ಅದನ್ನು ಮೊದಲು ಕೇಳಿದವರು ಕೂಲಿಯಾಳುಗಳೆಂಬುದನ್ನು ಮರೆಯಬಾರದು. ನಾಟಿಯ ಹಂಗಾಮಿನಲ್ಲಿ ಲಿಂಗಸುಗೂರು, ಮಸ್ಕಿಗಳ ಮಳೆಯಾಶ್ರಿತ ಊರುಗಳ ಹೆಣ್ಣುಮಕ್ಕಳು ಬುತ್ತಿ ಕಟ್ಟಿಕೊಂಡು, ಟಂಟಂಗಳಲ್ಲಿ ಒತ್ತೊತ್ತಾಗಿ ಕುಳಿತು ಸಿಂಧನೂರಿನ ಗದ್ದೆಗಳಿಗೆ ಬರುವುದನ್ನು ನೀವೆಲ್ಲ ಕಂಡಿದ್ದೀರಿ. ಮೇಸ್ತ್ರಿ ಮೊದಲು ಆರಿಸುವುದು ಬಲವಾದ ಸೊಂಟವನ್ನು, ಚುರುಕಾದ ಕೈಯನ್ನು. ಮುದುಕಿ ಉಳಿಯುತ್ತಾಳೆ, ಬಸುರಿ ಉಳಿಯುತ್ತಾಳೆ, ಕಳೆದ ವಾರ ಕೂಲಿ ಸಾಲದೆಂದು ಬಾಯಿ ತೆರೆದವಳು ಉಳಿಯುತ್ತಾಳೆ. ಹಾಗೆ ಉಳಿದವರನ್ನು ನಾವು ಸೋಮಾರಿಗಳೆಂದು ಕರೆದುಬಿಡುತ್ತೇವೆ. ಕಥೆಯ ಯಜಮಾನನು ಕಾರಣವನ್ನು ಕೇಳಿದನು, ಕೇಳಿ ನಂಬಿದನು. ಅರ್ಧ ದಿನ ದುಡಿದವಳ ಮಕ್ಕಳಿಗೆ ಅರ್ಧ ಹಸಿವಾಗುವುದಿಲ್ಲವೆಂಬ ಸರಳ ಸತ್ಯವನ್ನು ಆತನು ಲೆಕ್ಕದ ಪುಸ್ತಕದ ಮೇಲಿರಿಸಿದನು. ಕೇಳಿದವರಿಗೆ ಕೆಲಸ ಕೊಡಬೇಕೆಂಬ ತತ್ತ್ವವನ್ನು ನಮ್ಮ ಸಂಸತ್ತು 2005ರಲ್ಲಿ ಉದ್ಯೋಗ ಖಾತ್ರಿಯ ಶಾಸನವಾಗಿ ಅಂಗೀಕರಿಸಿದಾಗ, ಆ ಸಂಜೆಯ ಬೆಳಕು ಸ್ವಲ್ಪಮಟ್ಟಿಗೆ ಈ ನೆಲದ ಮೇಲೂ ಬಿದ್ದಿತೆಂದು ನಾನು ಭಾವಿಸುತ್ತೇನೆ. ಅದಕ್ಕೂ ಬಹು ಹಿಂದೆ, 1976ನೆಯ ಒಂದೇ ವರ್ಷದಲ್ಲಿ, ಜೀತಪದ್ಧತಿಯನ್ನು ರದ್ದುಗೊಳಿಸಿದ ಶಾಸನವೂ ಹೆಣ್ಣು ಗಂಡುಗಳಿಗೆ ಸಮಾನ ವೇತನವನ್ನು ವಿಧಿಸಿದ ಶಾಸನವೂ ಬಂದುವು. ಆದರೂ ನಮ್ಮ ಹೊಲಗಳಲ್ಲಿ ಹೆಣ್ಣಾಳು ಗಂಡಾಳುಗಳ ಕೂಲಿಯ ದರಗಳು ಬೇರೆ ಬೇರೆಯಾಗಿಯೇ ಮುಂದುವರಿಯುತ್ತಿವೆ. ಈ ಅಂತರವನ್ನು ತನ್ನ ಹೊಲದ ಮಟ್ಟಿಗಾದರೂ ಅಳಿಸದೆ ಭಾನುವಾರದ ಆರಾಧನೆಗೆ ಬರುವ ಭೂಮಾಲೀಕ ವಿಶ್ವಾಸಿಯನ್ನು ದ್ರಾಕ್ಷಿತೋಟದ ಕಥೆ ಹೇಗೆ ಸಮಾಧಾನದಿಂದ ಬಿಟ್ಟೀತು?

ಕೂಲಿ ಹಂಚುವ ಮಾತಿನ ಬೆನ್ನಿಗೇ ಗಳಿಸಿದ್ದನ್ನು ಕೂಡಿಡುವ ವಿಷಯ ಬಂದಾಗ ನನಗೆ ಸುವಾರ್ತೆಯಷ್ಟೇ ಸಹಜವಾಗಿ ನೆನಪಿಗೆ ಬರುವವಳು ಈ ನೆಲದವಳೇ ಆದ ಆಯ್ದಕ್ಕಿ ಲಕ್ಕಮ್ಮ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರಾದ ಆಕೆ ಮತ್ತು ಆಕೆಯ ಪತಿ ಮಾರಯ್ಯ 12ನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಹೋಗಿ ನೆಲೆಸಿದರು. ಊರನ್ನು ಬಿಟ್ಟರೂ ಊರ ದೇವರನ್ನು ತನ್ನ ವಚನಗಳ ಅಂಕಿತದಲ್ಲಿ ಆಕೆ ಉಳಿಸಿಕೊಂಡಳು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ದಾಸೋಹ ನಡೆಸುವುದು ಆ ದಂಪತಿಗಳ ಕಾಯಕವಾಗಿತ್ತು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ನಮಗೇಕೆ ಈ ಅಧಿಕವೆಂದು ಆಕೆ ಅವನನ್ನು ತಡೆದು, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳೆಂದು ಪರಂಪರೆ ಹೇಳುತ್ತದೆ. ಯೆಹೂದ್ಯರ ಪೂರ್ವಿಕರು ಅರಣ್ಯದಲ್ಲಿ ಅಲೆಯುತ್ತಿದ್ದಾಗ ಆಕಾಶದಿಂದ ದೊರೆತ ಮನ್ನವನ್ನು ನಾಳೆಗೆಂದು ಕೂಡಿಟ್ಟವರ ಪಾತ್ರೆಯಲ್ಲಿ ಹುಳು ಬಿದ್ದ ಕಥೆಯನ್ನು ಯೇಸು ತಾಯಿಯ ಮಡಿಲಲ್ಲಿಯೇ ಕೇಳಿ ಬೆಳೆದಿರಬೇಕು. ತನ್ನವರಿಗೆ ಆತನು ಕಲಿಸಿದ ಪ್ರಾರ್ಥನೆಯೂ ಈ ದಿನದ ಆಹಾರವನ್ನಷ್ಟೇ ಬೇಡುತ್ತದೆ. ಕಲ್ಯಾಣದ ಆ ಗುಡಿಸಲಿನಲ್ಲಿ ನಡೆದ ಸಂಭಾಷಣೆಯನ್ನು ಕೇಳಿದ್ದರೆ ನಜರೇತಿನ ಬಡಗಿಗೆ ಅದರಲ್ಲಿ ಅಪರಿಚಿತವಾದುದೇನೂ ತೋರುತ್ತಿರಲಿಲ್ಲ. ಇಂದಿನ ಅಗತ್ಯವನ್ನು ಮೀರಿದ ಕಾಳಿಗೆ ಉಗ್ರಾಣ ಬೇಕಾಗುತ್ತದೆ, ಉಗ್ರಾಣಕ್ಕೆ ಬೀಗ ಬೇಕಾಗುತ್ತದೆ, ಬೀಗದ ಕೈ ಯಾರ ಸೊಂಟದಲ್ಲಿದೆಯೋ ಅವರ ಮುಂದೆ ಉಳಿದವರು ಕೈಯೊಡ್ಡಬೇಕಾಗುತ್ತದೆ. ಅಧಿಕಾರದ ಉತ್ಪತ್ತಿಯನ್ನು ಲಕ್ಕಮ್ಮ ಅಷ್ಟು ಬೇಗ, ಅಕ್ಕಿಯ ಸೆರಗಿನಲ್ಲಿಯೇ ಗುರುತಿಸಿದಳು. ನಮ್ಮ ಮಠಗಳಿಗೂ ನಮ್ಮ ಚರ್ಚುಗಳಿಗೂ ಆಕೆ ಸಮಾನವಾಗಿ ಗುರುವಾಗಬಲ್ಲವಳು.

ಚರ್ಚುಗಳ ಮಾತೆತ್ತಿದ ಮೇಲೆ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ದೇವಾಲಯದ ಕಾಣಿಕೆಪೆಟ್ಟಿಗೆಗೆ ತನ್ನ ಬದುಕೆಲ್ಲವಾದ ಎರಡು ಪುಡಿಕಾಸುಗಳನ್ನು ಹಾಕಿದ ವಿಧವೆಯ ವೃತ್ತಾಂತವನ್ನು ದಾನದ ಆದರ್ಶವೆಂದು ನಾವು ತಲೆತಲಾಂತರದಿಂದ ಬೋಧಿಸುತ್ತ ಬಂದಿದ್ದೇವೆ. ಆದರೆ ಮಾರ್ಕನ ಸುವಾರ್ತೆಯಲ್ಲಿ ಅದರ ಹಿಂದಿನ ವಾಕ್ಯಗಳನ್ನೇ ಓದಿದರೆ, ಉದ್ದುದ್ದ ಪ್ರಾರ್ಥನೆ ಮಾಡುತ್ತ ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು ಯೇಸು ಖಂಡಿಸಿದ್ದು ಅಲ್ಲಿದೆ. ಮುಂದಿನ ವಾಕ್ಯಗಳಲ್ಲಿ ಆ ದೇವಾಲಯವು ಕಲ್ಲಿನ ಮೇಲೆ ಕಲ್ಲು ನಿಲ್ಲದಂತೆ ಉರುಳುವುದೆಂಬ ಮಾತಿದೆ. ಹೀಗಿರುವಾಗ ಆತನು ಆ ತಾಯಿಯತ್ತ ತೋರಿಸಿದ್ದು ಮೆಚ್ಚುಗೆಯಿಂದಲೋ, ಕಡೆಯ ಕಾಸನ್ನೂ ಸುಲಿದುಕೊಂಡ ವ್ಯವಸ್ಥೆಯ ಮೇಲಣ ಸಂಕಟದಿಂದಲೋ? ಎರಡನೆಯದೆಂದೇ ನನ್ನ ನಂಬುಗೆ. ನಮ್ಮ ಹಳ್ಳಿಗಳಲ್ಲಿ ಸಂಘದ ಸಾಲದ ಕಂತಿಗಾಗಿ ತಾಳಿಯ ಗುಂಡುಗಳನ್ನು ಅಡವಿಡುವ, ವಸೂಲಿಗಾರನ ಬೈಕಿನ ಸದ್ದಿಗೆ ಹಿತ್ತಿಲಿಗೆ ಸರಿಯುವ ಹೆಂಗಸರಿದ್ದಾರೆ. ಈ ಪೀಡನೆ ಮಿತಿಮೀರಿದ್ದರಿಂದಲೇ ಕರ್ನಾಟಕ ಸರ್ಕಾರವು 2025ರ ಫೆಬ್ರುವರಿಯಲ್ಲಿ ಬಲವಂತದ ವಸೂಲಿಯನ್ನು ತಡೆಯುವ ಅಧ್ಯಾದೇಶವನ್ನು ಹೊರಡಿಸಬೇಕಾಯಿತು. ಅಂಥ ಹೆಂಗಸಿನ ಕೈಯಿಂದ ಬರುವ ಕಾಣಿಕೆಯನ್ನು ಶ್ಲಾಘಿಸುವ ಮೊದಲು ಆಕೆಯ ಸಾಲದ ಚೀಟಿಯನ್ನು ಕೇಳಿ ನೋಡುವುದು ಸಭಾಪಾಲಕರ ಕರ್ತವ್ಯವೆಂದು ನಾನು ವಿನಯದಿಂದ, ಆದರೆ ದೃಢವಾಗಿ ಹೇಳುತ್ತೇನೆ.

ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಜೆಸ್ವಿತ್ ಪಾದ್ರಿಗಳು 1557ಕ್ಕಿಂತ ಮುಂಚೆಯೇ ಕಟ್ಟಿಸಿದರೆಂದು ಹೇಳುವ ಪುರಾತನ ಚರ್ಚೊಂದಿದೆ. ಮೊಹರಮ್ಮಿಗೆ ಹೆಸರಾದ ಅದೇ ಊರಿನಲ್ಲಿ ಕ್ರೈಸ್ತರು ಯೇಸುವಿನ ಯಾತನೆಯ ಚರಿತ್ರೆಯನ್ನು ನಾಟಕವಾಗಿ ಆಡುವ ಪರಿಪಾಠವೂ ಇದೆ. ಹೀಗೆ ಶತಮಾನಗಳ ಹಿಂದೆಯೇ ಕನ್ನಡ ನೆಲದಲ್ಲಿ ಬೇರೂರಿದ ನಮ್ಮ ಸಭೆ ಜಾತಿಯನ್ನು ಹೊಸ್ತಿಲಾಚೆ ಬಿಟ್ಟು ಬಂದಿತೆ? ಬರಲಿಲ್ಲ. ಸ್ಮಶಾನದಲ್ಲಿ, ಸಂಬಂಧ ಬೆಳೆಸುವಲ್ಲಿ, ಆಡಳಿತ ಮಂಡಳಿಯ ಕುರ್ಚಿಗಳಲ್ಲಿ ಅದು ನಮ್ಮೊಡನೆಯೇ ಒಳಗೆ ಬಂದು ಕುಳಿತಿತು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲರು ಮಾಡಿದ ಉಪನ್ಯಾಸದಿಂದ ಮೊದಲಾಗಿ, ದಲಿತರ ನೋವನ್ನೇ ನೆಲೆಯಾಗಿಸಿಕೊಂಡು ಕ್ರಿಸ್ತನನ್ನು ಅರಿಯುವ ದೇವಶಾಸ್ತ್ರವೊಂದು ಬೆಳೆದು ಬಂದಿತು. ಭಾರತದ ಕ್ರೈಸ್ತರ ಬಹುಭಾಗ ಯಾರ ಮಕ್ಕಳೋ ಅವರ ಕಣ್ಣೀರು ನಮ್ಮ ದೇವಶಾಸ್ತ್ರದ ಪುಸ್ತಕಗಳಿಗೆ ಪ್ರವೇಶ ಪಡೆಯಲು ಅಷ್ಟು ಕಾಲ ಹಿಡಿಯಿತಲ್ಲ ಎಂಬುದು ನನ್ನನ್ನು ಬಹಳವಾಗಿ ಕಾಡುತ್ತದೆ. ರಾಜ್ಯಶಾಸನವೂ ಅವರ ಪಾಲಿಗೆ ಉದಾರವಾಗಲಿಲ್ಲ: 1950ರ ರಾಷ್ಟ್ರಪತಿಯವರ ಆದೇಶವು ಪರಿಶಿಷ್ಟ ಜಾತಿಯ ಮಾನ್ಯತೆಯನ್ನು ಧರ್ಮದ ಎಲ್ಲೆಯೊಳಗಿರಿಸಿ, 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಬಾಗಿಲು ತೆರೆಯಿತು, ದಲಿತ ಕ್ರೈಸ್ತರಿಗೆ ಅದು ಮುಚ್ಚಿಯೇ ಉಳಿಯಿತು, ಕರ್ನಾಟಕದಲ್ಲಿ ಅವರಿಗೆ ಹಿಂದುಳಿದ ವರ್ಗಗಳ ಪ್ರವರ್ಗ ಒಂದರಲ್ಲಿ ಎಡೆ ದೊರೆಯಿತು. ಸರ್ಕಾರದ ಬಾಗಿಲನ್ನು ತಟ್ಟುವ ನೈತಿಕ ಶಕ್ತಿ ನಮಗೆ ಬರಬೇಕಾದರೆ ನಮ್ಮ ಮನೆಗಳ ಬಾಗಿಲುಗಳನ್ನು ಮೊದಲು ನಾವೇ ತೆರೆಯಬೇಕಾಗುತ್ತದೆ.

ಇನ್ನು ನೀರಿನ ವಿಷಯ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು, 227 ಕಿಲೋಮೀಟರು ಉದ್ದದ ಎಡದಂಡೆ ಕಾಲುವೆ ಹರಿದಾಗ, ಬರದ ಹೆಸರಿಗೇ ಪ್ರಸಿದ್ಧವಾದ ಈ ಸೀಮೆಯ ಭಾಗ್ಯ ತೆರೆಯಿತು. ಆಂಧ್ರದಿಂದ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡ ರೈತರು, ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದು ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆನಿಂತ ಬಂಗಾಳಿ ಕುಟುಂಬಗಳು, ಇಲ್ಲಿಯ ಮೂಲ ಒಕ್ಕಲುಗಳು, ಎಲ್ಲರ ಬೆವರಿನಿಂದ ಸಿಂಧನೂರು ಭತ್ತದ ಕಣಜವಾಯಿತು. ಆದರೆ ಈ ಕಾಲುವೆಯನ್ನು ಯೋಜಿಸಿದವರು ಅಚ್ಚುಕಟ್ಟಿನ ಬಹುಭಾಗವನ್ನು ಜೋಳ, ಹತ್ತಿ, ಶೇಂಗಾಗಳಂಥ ಕಡಿಮೆ ನೀರಿನ ಬೆಳೆಗಳಿಗೆ ಗೊತ್ತುಮಾಡಿದ್ದರು. ನೀರು ಬಹುದೂರ ಹೋಗಬೇಕು, ಬಹಳ ಮಂದಿಗೆ ಸ್ವಲ್ಪಸ್ವಲ್ಪ ದಕ್ಕಬೇಕು ಎಂಬುದು ಅದರ ಹಿಂದಣ ನ್ಯಾಯ. ಮೇಲ್ಭಾಗದಲ್ಲಿ ಭತ್ತ ಬೆಳೆದಂತೆಲ್ಲ, ಪಂಪುಗಳಿಂದಲೂ ಪೈಪುಗಳಿಂದಲೂ ಅಕ್ರಮ ನೀರಾವರಿ ವಿಸ್ತರಿಸಿದಂತೆಲ್ಲ, ಮಾನ್ವಿ, ರಾಯಚೂರುಗಳ ಕಡೆಯ ಊರುಗಳಿಗೆ ಕಾಲುವೆಯಿದ್ದೂ ನೀರಿಲ್ಲದಂತಾಯಿತು. ಹೂಳು ತುಂಬಿದ ಜಲಾಶಯದ ಧಾರಣೆ 133 ಟಿಎಂಸಿಯಿಂದ ಸುಮಾರು 105 ಟಿಎಂಸಿಗೆ ಇಳಿದಿರುವುದರಿಂದ ಕೊರತೆ ಇನ್ನೂ ತೀವ್ರವಾಗಿದೆ. ಪ್ರತಿ ಹಂಗಾಮಿನಲ್ಲಿಯೂ ಕೊನೆ ಭಾಗದ ರೈತರು ಕಾಲುವೆಯಲ್ಲಿ ನೀರಿನ ಮಟ್ಟದ ಗೇಜು ಕಾಪಾಡಿರೆಂದು ರಸ್ತೆಗಿಳಿಯುತ್ತಾರೆ. ಮೇಲಿನವರು ತಮ್ಮ ಪೈರು ಒಣಗುವುದೆಂದು ತೂಬಿನ ಬಳಿ ಕಾವಲು ನಿಲ್ಲುತ್ತಾರೆ. ಇಬ್ಬರೂ ರೈತರೇ, ಇಬ್ಬರ ತಲೆಯ ಮೇಲೂ ಸಾಲವಿದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಮೇಲಿನವರೂ ಕೆಳಗಿನವರೂ ಒಂದೇ ಭಯದಿಂದ ನಡುಗಿದರು. ತಾತ್ಕಾಲಿಕ ಗೇಟು ಕೂತು ನೀರು ನಿಂತಾಗ ಆ ಒಗ್ಗಟ್ಟೂ ಬೇಗ ಮರೆತುಹೋಯಿತು.

ಕಾಲುವೆಯೇ ಇಲ್ಲದವರ ಪಾಡು ಇನ್ನೊಂದು. ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ರೈತರು ಚಳಿ ಬಿಸಿಲೆನ್ನದೆ ದೀರ್ಘಕಾಲ ಧರಣಿ ಕುಳಿತದ್ದನ್ನು ಕೇಳುಗರು ಬಲ್ಲರು. ದೇವರಿಗೂ ಹೆದರದ, ಮನುಷ್ಯರಿಗೂ ನಾಚದ ನ್ಯಾಯಾಧಿಪತಿಯೊಬ್ಬನ ಬಳಿಗೆ ಮೇಲಿಂದ ಮೇಲೆ ಹೋಗಿ ತನ್ನ ನ್ಯಾಯವನ್ನು ಕೇಳುತ್ತಲೇ ಇದ್ದ ವಿಧವೆಯ ಕಥೆಯನ್ನು ಯೇಸು ಹೇಳಿದ್ದಾನೆ. ಪ್ರಾರ್ಥನೆಯೆಂದರೇನು ಎಂದು ಬೋಧಿಸುವುದಕ್ಕೆ ಆತನು ಜಪಮಾಲೆ ಹಿಡಿದ ಋಷಿಯನ್ನು ಆರಿಸಲಿಲ್ಲ, ಕಚೇರಿಗೆ ಅಲೆಯುವ ಹೆಣ್ಣುಮಗಳನ್ನು ಆರಿಸಿದನು. ಆದುದರಿಂದ ಧರಣಿಯ ಚಪ್ಪರವನ್ನು ಪ್ರಾರ್ಥನೆಯ ಸ್ಥಳವೆಂದು ಕರೆಯಲು ನನಗೆ ಸಂಕೋಚವಿಲ್ಲ. ಅಲ್ಲಿಗೆ ಹೋಗಿ ನೆರಳಲ್ಲಿ ಒಂದು ಗಳಿಗೆ ಕುಳಿತು ಬಾರದ ಪಾದ್ರಿ, ಸ್ವಾಮಿ, ಮೌಲವಿಗಳು ತಮ್ಮ ಗ್ರಂಥಗಳನ್ನು ಇನ್ನೊಮ್ಮೆ ತೆರೆದು ನೋಡುವುದು ಒಳಿತು.

ಈ ಎಲ್ಲದರಲ್ಲಿ ಯೇಸುವಿನ ಅನುಯಾಯಿಗಳೆನ್ನಿಸಿಕೊಂಡ ನಾವು ಮಾಡಬಹುದಾದುದೇನು? ನಮ್ಮ ಸಂಖ್ಯೆ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಲ್ಲಿ ಅಲ್ಪ; ಆಡಳಿತದಲ್ಲಿ ನಮ್ಮ ಮಾತಿಗೆ ಬೆಲೆಯೂ ಅಲ್ಪ. ಆದರೆ ಮೇಲ್ಭಾಗದ ಊರುಗಳಲ್ಲಿ ನಮ್ಮವರ ಗದ್ದೆಗಳೂ ಕೆಲವಿವೆ. ನೀರು ಬಿಡುವ ದಿನವನ್ನು ಗೊತ್ತುಮಾಡಲು ನೀರಾವರಿ ಸಲಹಾ ಸಮಿತಿ ಸೇರುವ ಮುನ್ನ, ಕೊನೆ ಭಾಗದ ರೈತರಿಂದ ಮೊದಲುಗೊಂಡು ಅಹವಾಲು ಕೇಳಿರೆಂದು ಮೇಲ್ಭಾಗದ ನಾವೇ ಒಂದು ಅರ್ಜಿ ಬರೆದು ಸಹಿ ಮಾಡೋಣ. ನೆರೆಹೊರೆಯ ಇತರ ಮತದ ರೈತರ ಸಹಿಗಳನ್ನೂ ಬೇಡೋಣ. ಸರದಿಯ ದಿನ ನಮ್ಮ ತೂಬನ್ನು ಹೊತ್ತಿಗೆ ಸರಿಯಾಗಿ ನಾವೇ ಇಳಿಸೋಣ. ಒಂದೆರಡು ಎಕರೆಯಲ್ಲಾದರೂ ಭತ್ತ ಬಿಟ್ಟು ಜೋಳ ಬಿತ್ತಿ, ಆ ಬೆಳೆಯಲ್ಲಿ ಕಳೆ ತೆಗೆಯಲು ಬಂದ ಹೆಣ್ಣಾಳಿಗೆ ಗಂಡಾಳಿನಷ್ಟೇ ಕೂಲಿಯನ್ನು ಎಣಿಸಿ ಕೊಡೋಣ. ಅರ್ಜಿಯನ್ನು ಮುಂಗಾರಿಗೆ ಮುನ್ನವೇ ಬರೆದರೆ ಸಮಿತಿಯ ಸಭೆಗೆ ತಲುಪೀತು.